ವೆಂಡೆಲ್ ಕ್ರಾಟ್ಸನ ಒಳಗಿನ ಸುದ್ದಿ

ಮಾರ್ಬರಿ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡ ಆ ವರ್ಷ ಇಪ್ಪತ್ತಾರು ಪಂದ್ಯ ಗೆದ್ದು, ಇಪ್ಪತ್ತೇಳನೆಯದಾಗಿ ಗೆಲ್ಲಲೇಬೇಕಾಗಿದ್ದ ಪಂದ್ಯವನ್ನು ಒಂದೇ ಒಂದು ಅಂಕದಿಂದ ಸೋತಿತು. ಕೊನೆಯ ಸೆಕೆಂಡಿನಲ್ಲಿ ಎಸೆದ ಚೆಂಡು ಬುಟ್ಟಿಯ ಬಳೆಯ ಮೇಲೆ ಮೂರು ಸುತ್ತು ಹೊಡೆದು, ಒಳಗೆ ಬೀಳುವ ಮನಸ್ಸು ಮಾಡಿ, ಮತ್ತೆ ಯೋಚಿಸಿ ಹೊರಗೆ ಬಿತ್ತು. ಅದು ಭಾನುವಾರ. ಲೀಗಿನ ಆ ಫೈನಲ್ ಗೆದ್ದಿದ್ದರೆ ಮಾರ್ಚ್ ತಿಂಗಳ ದೊಡ್ಡ ಟೂರ್ನಿಗೆ ನೇರ ಪ್ರವೇಶ ಸಿಗುತ್ತಿತ್ತು. ಸೋತವರ ಹಣೆಬರಹವನ್ನು ಮಾತ್ರ ದೂರದ ಹೋಟೆಲೊಂದರಲ್ಲಿ ಬಾಗಿಲು ಹಾಕಿಕೊಂಡು ಕೂರುವ ಆಯ್ಕೆ ಸಮಿತಿ ಬರೆಯುತ್ತದೆ. ಬರೆದದ್ದನ್ನು ಮುಂದಿನ ಭಾನುವಾರ ಸಂಜೆ ಆರಕ್ಕೆ ಟಿವಿಯಲ್ಲಿ ಓದುತ್ತಾರೆ. ನಡುವೆ ಏಳು ದಿನ. ಇಂಡಿಯಾನಾದ ಈ ಸಣ್ಣ ಊರಿನ ಒಂಬತ್ತು ಸಾವಿರ ಜನ ಆ ಏಳು ದಿನ ಹೇಗೆ ಬದುಕಿದರು ಎಂದು ಹೇಳಬೇಕಾದರೆ ವೆಂಡೆಲ್ ಕ್ರಾಟ್ಸನಿಂದಲೇ ಶುರು ಮಾಡಬೇಕು. ಬೇರೆ ದಾರಿಯಿಲ್ಲ.

ವೆಂಡೆಲ್ ಐವತ್ತೇಳರ ಮನುಷ್ಯ. ಮುಖ್ಯರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಪೇಂಟ್ ಕಲೆಸುವ ಕೆಲಸ. ಊರಿನ ಯಾವ ಗೋಡೆಗೆ ಯಾವ ಬಿಳಿ ಎಂದು ಕೇಳಿದರೆ ಡಬ್ಬ ನೋಡದೆ ಹೇಳುತ್ತಿದ್ದ. ಬಣ್ಣದ ವಿಷಯ ಬಿಟ್ಟರೆ ಅವನ ಮಾತನ್ನು ಯಾರೂ ನೆಚ್ಚುತ್ತಿರಲಿಲ್ಲ. ಹಿಂದಿನ ಕೋಚ್ ಕೆಲಸ ಬಿಟ್ಟು ಹೋಗುತ್ತಾನೆ ಎಂದು ಇವನು ಸಾರಿದ ವಾರವೇ ಆತ ಊರಲ್ಲಿ ಮನೆ ಕೊಂಡಿದ್ದ. ಹಿಮ ಬೀಳುವುದಿಲ್ಲ ಎಂದು ಇವನು ಭರವಸೆ ಕೊಟ್ಟ ದಿನ ಶಾಲೆಗೆ ರಜೆ ಕೊಡಬೇಕಾಗಿ ಬಂದಿತ್ತು. ಆದರೂ ವೆಂಡೆಲ್ ಎದೆಗುಂದಿದವನಲ್ಲ. ಗೊತ್ತಿಲ್ಲ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಹೆಂಡತಿ ವರ್ನಾ ಕೂಡ ಕೇಳಿರಲಿಲ್ಲ.

ಬುಧವಾರ ಅವನ ಕೌಂಟರಿಗೆ ಸೂಟು ಧರಿಸಿದ ಅಪರಿಚಿತನೊಬ್ಬ ಬಂದ.

"ಮಾರ್ಬರಿ ಕಾಲೇಜಿನ ಕಿತ್ತಳೆ ಬಣ್ಣ ಬೇಕು. ಹತ್ತಿರದ್ದಲ್ಲ, ಅದೇ ಬೇಕು," ಎಂದ.

ವೆಂಡೆಲ್ ಬಣ್ಣದ ಮಾದರಿ ಚೀಟಿ ತೆಗೆಯುವಷ್ಟರಲ್ಲಿ ಆತನ ಫೋನ್ ಬಡಿದುಕೊಂಡಿತು. ಆತ ಬೆನ್ನು ತಿರುಗಿಸಿ ದನಿ ತಗ್ಗಿಸಿದ. ಬೆನ್ನು ತಿರುಗಿಸಿದವರ ಮಾತನ್ನು ಕೇಳಿಸಿಕೊಳ್ಳುವುದರಲ್ಲಿ ವೆಂಡೆಲ್‌ಗೆ ಇಪ್ಪತ್ತೆಂಟು ವರ್ಷದ ಅನುಭವವಿತ್ತು.

"ಹೌದು, ಮಾರ್ಬರಿ ಪಟ್ಟಿಯಲ್ಲಿದೆ. ಸಮಿತಿ ಒಪ್ಪಿದೆ. ಮಂಗಳವಾರ ಡೇಟನ್. ಇನ್ನೂ ಹೊರಗೆ ಹೇಳೋ ಹಾಗಿಲ್ಲ."

ಆತ ಬಣ್ಣದ ಚೀಟಿ ಜೇಬಿಗಿಟ್ಟು, ಶನಿವಾರ ಬರುತ್ತೇನೆ ಎಂದು ಹೇಳಿ ಹೋದ. ವೆಂಡೆಲ್ ಕಲೆಸುತ್ತಿದ್ದ ಡಬ್ಬವನ್ನು ಅರ್ಧಕ್ಕೆ ಬಿಟ್ಟು ಕುರ್ಚಿಯ ಮೇಲೆ ಕುಳಿತ. ಡೇಟನ್ ಎಂದರೆ ಪಟ್ಟಿಯ ಬಾಲದಲ್ಲಿ ಸೇರಿಕೊಂಡ ತಂಡಗಳು ಮೊದಲು ಹೋಗಿ ಒಂದನ್ನೊಂದು ಹೊರದಬ್ಬುವ ಊರು. ಟೂರ್ನಿಯ ಹಿತ್ತಿಲ ಬಾಗಿಲು. ಆದರೆ ಟೂರ್ನಿಗೆ ಕಾಲಿಡದೆ ಮೂವತ್ತೊಂದು ವರ್ಷ ಬೀದಿಯಲ್ಲೇ ನಿಂತವರಿಗೆ ಹಿತ್ತಿಲೂ ಅರಮನೆಯೇ.

ಅವನು ಇಪ್ಪತ್ತು ಗಂಟೆಗಳ ಕಾಲ ಈ ಗುಟ್ಟನ್ನು ಕಾಪಾಡಿದ. ಅವನ ಮಟ್ಟಿಗೆ ಅದೊಂದು ದಾಖಲೆ.

ಗುರುವಾರ ಬೆಳಿಗ್ಗೆ ಮೇವಿಸಳ ಹೋಟೆಲಿನಲ್ಲಿ ವರ್ನಾಳ ಅಣ್ಣ ಡೆಲ್ಬರ್ಟ್ ಎಂದಿನಂತೆ ಕಾಗದ ಹರಡಿಕೊಂಡು ಕುಳಿತಿದ್ದ. ನಿವೃತ್ತ ಸರ್ವೇಯರ್, ಜೀವಮಾನವೆಲ್ಲ ಬೇರೆಯವರ ಜಮೀನಿನ ಗಡಿ ಅಳೆದವನು ಈಗ ಮಾರ್ಬರಿ ನೀರುನಾಯಿಗಳ ಅದೃಷ್ಟ ಅಳೆಯುತ್ತಿದ್ದ. ನೀರುನಾಯಿ ಕಾಲೇಜಿನ ಲಾಂಛನ. ತಂಡಕ್ಕೂ ಅದೇ ಹೆಸರು.

"ಮೂವತ್ನಾಲ್ಕು ಪರ್ಸೆಂಟ್," ಎಂದ ಡೆಲ್ಬರ್ಟ್.

"ನಿನ್ನೆ ಮೂವತ್ತೇಳು ಅಂದಿದ್ದೆ," ಎಂದಳು ಮೇವಿಸ್, ಕಾಫಿ ಸುರಿಯುತ್ತ.

"ನಿನ್ನೆ ಪಶ್ಚಿಮದ ಕಡೆ ಗೆಲ್ಲಬಾರದವರು ಯಾರೋ ಗೆದ್ರು. ಮೂರು ಪರ್ಸೆಂಟ್ ಅವರು ತಿಂದ್ರು."

ವೆಂಡೆಲ್ ತಡೆಯಲಾರದೆ ಬಾಯಿ ಹಾಕಿದ. "ನವೆಂಬರಲ್ಲಿ ಆ ದೊಡ್ಡ ಕಾಲೇಜನ್ನ ಅವರ ಮನೇಗೇ ಹೋಗಿ ಹೊಡೆದು ಬಂದ್ವಲ್ಲ, ಅದು ಲೆಕ್ಕಕ್ಕಿಲ್ವಾ?"

"ಇದೆ. ಜನವರೀಲಿ ಆ ಬೈಬಲ್ ಕಾಲೇಜಿಗೆ ಸೋತದ್ದೂ ಲೆಕ್ಕಕ್ಕಿದೆ. ಅಲ್ಲಿ ಓದೋ ಹುಡುಗರಿಗಿಂತ ಸುತ್ತ ಮೇಯೋ ಹಸುಗಳೇ ಜಾಸ್ತಿ."

"ಅವತ್ತು ನಮ್ಮ ಐದು ಜನಕ್ಕೆ ಜ್ವರ."

"ಸಮಿತಿ ಜ್ವರ ನೋಡಲ್ಲ ಕಣಯ್ಯ, ಸ್ಕೋರ್ ನೋಡುತ್ತೆ. ನಿನಗೆ ಇದೆಲ್ಲ ಯಾಕೆ? ನೀನು ಹೋಗಿ ಬಿಳಿಗೆ ಬಿಳಿ ಬೆರೆಸು."

ಹೋಟೆಲು ನಕ್ಕಿತು. ಆ ನಗು ಕೊಂಚ ಕಡಿಮೆಯಾಗಿದ್ದರೆ ಮುಂದಿನದೇನೂ ನಡೆಯುತ್ತಿರಲಿಲ್ಲವೋ ಏನೋ. ವೆಂಡೆಲ್ ಕಪ್ಪನ್ನು ತಟ್ಟೆಯ ಮೇಲಿಟ್ಟ.

"ನಿನ್ನ ಪರ್ಸೆಂಟೆಲ್ಲ ಮಡಚಿ ಜೇಬಲ್ಲಿಟ್ಕೋ ಡೆಲ್ಬರ್ಟ್. ನಾವು ಒಳಗಿದ್ದೀವಿ. ಮಂಗಳವಾರ, ಡೇಟನ್. ಸಮಿತಿಯವರ ಬಾಯಿಂದಲೇ ಕೇಳಿದೀನಿ. ಇದಕ್ಕಿಂತ ಹೆಚ್ಚು ಹೇಳೋ ಹಾಗಿಲ್ಲ."

ಚಮಚಗಳು ನಿಂತವು. ವೆಂಡೆಲ್ ಸಾಮಾನ್ಯವಾಗಿ ಹೆಚ್ಚು ಹೇಳುವವನು. ಹೆಚ್ಚು ಹೇಳುವ ಹಾಗಿಲ್ಲ ಎಂದು ಅವನೇ ಅಂದನೆಂದರೆ ಅದರಲ್ಲೇನೋ ಇರಲೇಬೇಕು ಎಂದು ಇಡೀ ಹೋಟೆಲಿಗೆ ಒಮ್ಮೆಲೇ ಅನಿಸಿತು. ಮೇವಿಸ್ ಒಂದು ತುಂಡು ಪೈ ತಂದು ಅವನ ಮುಂದಿಟ್ಟಳು. ಅವನು ಕೇಳಿರಲಿಲ್ಲ.

ಮಧ್ಯಾಹ್ನದೊಳಗೆ ಸುದ್ದಿ ಬ್ಯಾಂಕು, ಅಂಚೆ ಕಚೇರಿ, ಹಲ್ಲಿನ ಆಸ್ಪತ್ರೆ ದಾಟಿತು. ಶುಕ್ರವಾರದ ಹೊತ್ತಿಗೆ ವೆಂಡೆಲ್‌ಗೆ ಸಮಿತಿಯಲ್ಲಿ ದೊಡ್ಡಪ್ಪನ ಮಗನೊಬ್ಬ ಹುಟ್ಟಿಕೊಂಡಿದ್ದ. ಸಂಜೆಗೆ ಆತ ಸಮಿತಿಯ ಅಧ್ಯಕ್ಷನೇ ಆದ. ಜನ ಅಂಗಡಿಗೆ ಬಂದು ಬೇಡದ ಬ್ರಶ್ಶುಗಳನ್ನು ಕೊಂಡು, ವೆಂಡೆಲ್‌ನ ಮುಖ ನೋಡಿ ಹೋದರು. ಮೇಯರ್ ಹಾಲಿಸ್ ಸ್ವತಃ ಬಂದ.

"ನಾನೇನೂ ಕೇಳಲ್ಲ. ನೀವೂ ಏನೂ ಹೇಳ್ಬೇಡಿ," ಎಂದ ಮೇಯರ್, ಮೆಲುದನಿಯಲ್ಲಿ. "ಬ್ಯಾನರ್ ಮಾತ್ರ ಬರೆಸ್ತಾ ಇದೀನಿ. 'ಡೇಟನ್, ನಾವು ಬಂದೆವು' ಅಂತ. ತಪ್ಪಿದ್ರೆ ಕೆಮ್ಮಿ."

ವೆಂಡೆಲ್ ಕೆಮ್ಮಲಿಲ್ಲ. ಕೆಮ್ಮಬೇಕಾದ ಕಾರಣ ಆಗ ಅವನಿಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಶನಿವಾರ ಹನ್ನೊಂದಕ್ಕೆ. ಸೂಟಿನವನು ಮತ್ತೆ ಬಂದು, ಈ ಸಲ ಕೌಂಟರಿನ ಮೇಲೆ ದೊಡ್ಡದೊಂದು ನಕ್ಷೆ ಹರಡಿದ. ಅದರಲ್ಲಿ ನಾಲ್ಕು ಕಾಲಿನ ಮೇಲೆ ನಿಂತ ಉರುಟಾದ ವಸ್ತುವೊಂದಿತ್ತು.

"ಇದು ನಿಮ್ಮೂರ ನೀರಿನ ಟ್ಯಾಂಕು," ಎಂದ ಆತ. "ಜಿಲ್ಲಾ ನೀರು ಸಮಿತಿಯವರು ಈ ವರ್ಷ ಆರು ಊರಿನ ಟ್ಯಾಂಕಿಗೆ ಬಣ್ಣ ಹೊಡೆಸ್ತಾರೆ. ನಿಮ್ಮೂರು ಪಟ್ಟೀಲಿದೆ, ಇನ್ನೂ ಪ್ರಕಟಿಸಿಲ್ಲ ಅಷ್ಟೆ. ಮಂಗಳವಾರ ಡೇಟನ್ ಕಡೆ ಒಂದು ಟ್ಯಾಂಕ್ ಇದೆ, ಅದು ಮುಗಿಸಿ ನಾವು ಈ ಕಡೆ ಬರೋದು. ಎಂಬತ್ತು ಗ್ಯಾಲನ್ ಕಿತ್ತಳೆ ಆಗುತ್ತಾ?"

ವೆಂಡೆಲ್ ನಕ್ಷೆಯನ್ನು ನೋಡಿದ. ಆತನ ಮುಖ ನೋಡಿದ. ಮತ್ತೆ ನಕ್ಷೆ ನೋಡಿದ.

"ನೀವು ಬ್ಯಾಸ್ಕೆಟ್‌ಬಾಲ್ ನೋಡ್ತೀರಾ?" ಎಂದು ಕೇಳಿದ, ಕೊನೆಯ ಆಸೆಯಿಂದ.

"ಇಲ್ಲಪ್ಪ. ನನಗೆ ಗಾಳ ಹಾಕಿ ಮೀನು ಹಿಡಿಯೋದು ಇಷ್ಟ."

ವೆಂಡೆಲ್ ಮಧ್ಯಾಹ್ನದ ಊಟಕ್ಕೆ ಮನೆಗೆ ಹೋದವನು ಊಟ ಮಾಡಲಿಲ್ಲ. ವರ್ನಾ ಊರ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು; ಮೂವತ್ತು ವರ್ಷ ಈ ಗಂಡನನ್ನು ದಿನಕ್ಕೊಂದು ಅಧ್ಯಾಯದಂತೆ ಓದಿದ್ದಳು. ಪೂರ್ತಿ ಕೇಳಿ, ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಲೇ ಹೇಳಿದಳು:

"ಹೋಗಿ ಹೇಳಿಬಿಡು. ಈಗಲೇ. ಟ್ಯಾಂಕು ಅಂತ ಹೇಳು. ನಗ್ತಾರೆ. ಹಾಗೆ ನಗೋದು ಅವರಿಗೇನೂ ಹೊಸದಲ್ಲ."

ಅವನು ನಿಜಕ್ಕೂ ಹೇಳಲೆಂದೇ ಹೋದ. ಮೇವಿಸಳ ಹೋಟೆಲಿನ ಬಾಗಿಲಿಗೆ ಕೈಬರಹದ ಚೀಟಿ ಅಂಟಿತ್ತು: 'ಮಂಗಳವಾರ ರಜೆ. ಡೇಟನ್‌ನಲ್ಲಿ ಸಿಗೋಣ.' ಹದಿನೇಳು ವರ್ಷದಲ್ಲಿ ಅವಳು ಹೋಟೆಲು ಮುಚ್ಚಿದ್ದು ಗಂಡ ತೀರಿಕೊಂಡ ದಿನ ಮಾತ್ರ. ಒಳಗೆ ಮೇವಿಸ್ ತಲೆಗೆ ಕಿತ್ತಳೆ ಪಟ್ಟಿ ಕಟ್ಟಿಕೊಂಡು, ವಾದ್ಯವೃಂದದ ಮೇಷ್ಟ್ರಿಗೆ ಬಸ್ಸಿನಲ್ಲಿ ಯಾರು ಎಲ್ಲಿ ಕೂರಬೇಕೆಂದು ಹೇಳುತ್ತಿದ್ದಳು.

"ವೆಂಡೆಲ್, ನಿನಗೆ ಮುಂದಿನ ಸೀಟು," ಎಂದಳು. "ನಿನ್ನ ಪುಣ್ಯ ಕಣಯ್ಯ. ನನ್ನ ಗಂಡ ಹೋಗೋ ವರ್ಷಾನೂ ಇದನ್ನೇ ಕೇಳ್ತಿದ್ದ. ಒಂದೇ ಒಂದು ಸಲ ಒಳಗೆ ಹೋದ್ರೆ ಸಾಕು ಅಂತಿದ್ದ."

ವೆಂಡೆಲ್ ಬಾಯಿ ತೆರೆದ. ಅದರೊಳಗೆ ಪೈ ಬಂತು. ಅದನ್ನು ನುಂಗುವಷ್ಟರಲ್ಲಿ ಧೈರ್ಯವೂ ಒಟ್ಟಿಗೆ ಇಳಿದುಹೋಯಿತು.

ಮೂಲೆಯಲ್ಲಿ ಡೆಲ್ಬರ್ಟ್ ಒಬ್ಬನೇ ಕಾಗದ ಹಿಡಿದು ಕುಳಿತಿದ್ದ. ಊರಿಗೆ ಊರೇ ನಂಬಿದ್ದರೂ ಅವನು ಮಾತ್ರ ನಂಬದೆ ಉಳಿದಿದ್ದಾನೆ ಎಂದು ಎಲ್ಲರಿಗೂ ಅವನ ಮೇಲೆ ಸಿಟ್ಟಿತ್ತು. ಅವನು "ನಿಜ ತಾನೇ?" ಎಂದಷ್ಟೇ ಕೇಳಿದ.

ಆ ದನಿಯಲ್ಲಿ ಯಾವತ್ತಿನ ಕುಟುಕು ಇರಲಿಲ್ಲ. ವೆಂಡೆಲ್ ಏನೋ ಗೊಣಗಿ ಹೊರಬಿದ್ದ.

ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಗುಪ್ತವಾಗಿ ದಯಪಾಲಿಸಲ್ಪಟ್ಟ ಶುಭವಾರ್ತೆಗಳ ಬಗ್ಗೆ ಬೋಧನೆ ಮಾಡಿದರು. ಬೋಧನೆಯುದ್ದಕ್ಕೂ ಮೂರನೆಯ ಸಾಲನ್ನೇ ನೋಡುತ್ತಿದ್ದರು. ಮೂರನೆಯ ಸಾಲಿನಲ್ಲಿ ವೆಂಡೆಲ್ ಬೆವರುತ್ತಿದ್ದ. ಪ್ರಾರ್ಥನೆ ಮುಗಿದು ಹೊರಬಂದಾಗ ಒಂದು ಪುಟ್ಟ ಕಾರು ಬಂದು ಪಕ್ಕದಲ್ಲಿ ನಿಂತಿತು. ಒಳಗೆ ಕೋಚ್ ರಾಯ್ಸ್ ಟಾಲಿವರ್ ಇದ್ದ. ಆರೂವರೆ ಅಡಿಯ ಆಳು. ಮೊಣಕಾಲು ಎರಡೂ ಸ್ಟೀರಿಂಗಿನ ಅಕ್ಕಪಕ್ಕ ಎದ್ದು ನಿಂತಿದ್ದವು.

"ಕ್ರಾಟ್ಸ್ ಅವರೇ, ಎರಡು ನಿಮಿಷ ಕೂತ್ಕೊಳ್ಳಿ."

ವೆಂಡೆಲ್ ಕುಳಿತ. ಕೋಚ್ ಗಾಜು ಏರಿಸಿದ. ಚರ್ಚಿನ ಮೆಟ್ಟಿಲ ಮೇಲೆ ಇನ್ನೂರು ಜನ ಬೇರೆ ಕಡೆ ನೋಡುವವರಂತೆ ನಿಂತು ಇದನ್ನೇ ನೋಡುತ್ತಿದ್ದರು.

"ಆ ಮ್ಯಾಚ್ ಸೋತ ಮೇಲೆ ನನ್ನ ಹದಿಮೂರು ಹುಡುಗರು ಸರಿಯಾಗಿ ಉಂಡಿರಲಿಲ್ಲ, ಮಲಗಿರಲಿಲ್ಲ," ಎಂದ ಕೋಚ್. "ಕೊನೇ ಬಾಲ್ ಎಸೆದವನು ಮೂರು ದಿನ ರೂಮಿಂದ ಹೊರಗೇ ಬಂದಿರಲಿಲ್ಲ. ಗುರುವಾರ ನಿಮ್ಮ ಸುದ್ದಿ ಬಂತು. ಅವತ್ತಿಂದ ಉಣ್ತಿದಾರೆ. ನಗ್ತಿದಾರೆ. ನಾನು ಇಷ್ಟು ದಿನ ಕೇಳಬಾರದು ಅಂತ ಸುಮ್ಮನಿದ್ದೆ. ಇನ್ನು ಆಗಲ್ಲ. ನನ್ನೊಬ್ಬನಿಗೆ ಹೇಳಿ. ಯಾರು ಹೇಳಿದ್ದು ನಿಮಗೆ?"

ಪೈ ಇರಲಿಲ್ಲ, ಮೇಯರ್ ಇರಲಿಲ್ಲ, ತಪ್ಪಿಸಿಕೊಳ್ಳಲು ಬಾಗಿಲ ಹಿಡಿ ಎಲ್ಲಿದೆಯೆಂದೂ ತಿಳಿಯಲಿಲ್ಲ. ವೆಂಡೆಲ್ ಎಲ್ಲವನ್ನೂ ಹೇಳಿದ. ಸೂಟು, ಕಿತ್ತಳೆ, ಫೋನು, ಟ್ಯಾಂಕು, ಮೀನು ಹಿಡಿಯುವ ಹವ್ಯಾಸ ಎಲ್ಲ.

ಕೋಚ್ ನಿಧಾನವಾಗಿ ಹಣೆಯನ್ನು ಸ್ಟೀರಿಂಗಿನ ಮೇಲಿಟ್ಟ. ಹಾರ್ನ್ ಹೊಡೆದುಕೊಂಡಿತು. ಹೊಡೆದುಕೊಳ್ಳುತ್ತಲೇ ಇತ್ತು. ಮೆಟ್ಟಿಲ ಮೇಲಿದ್ದವರು ಅದನ್ನು ಸಂತೋಷದ ಕೂಗೆಂದು ತಿಳಿದು ಚಪ್ಪಾಳೆ ತಟ್ಟಿದರು.

"ಇದು ಯಾರಿಗೆಲ್ಲ ಗೊತ್ತು?" ಎಂದ ಕೋಚ್, ತಲೆಯೆತ್ತಿ.

"ನನ್ನ ಹೆಂಡತಿಗೆ. ಈಗ ನಿಮಗೆ. ನಾನು ಇಲ್ಲೇ ಇಳಿದು ಎಲ್ರಿಗೂ ಹೇಳಿಬಿಡ್ತೀನಿ ಕೋಚ್, ನಿಮ್ಮಾಣೆ."

"ಹೇಳಿದ್ರೆ ನೋಡಿ ಮತ್ತೆ." ಕೋಚ್ ಅವನ ತೋಳು ಹಿಡಿದ. ಆ ಕೈ ವೆಂಡೆಲ್‌ನ ತೋಳನ್ನು ಎರಡು ಸುತ್ತು ಸುತ್ತುವಷ್ಟು ದೊಡ್ಡದಿತ್ತು. "ನನ್ನ ಹುಡುಗರು ಈಗ ಊಟಕ್ಕೆ ಕೂತಿದಾರೆ. ಆರು ಗಂಟೇಗೆ ಹೇಗೂ ಗೊತ್ತಾಗುತ್ತೆ. ಅಲ್ಲೀವರೆಗೆ ಆ ಊಟ ಅವರ ಹೊಟ್ಟೇಲಿರ್ಲಿ. ಇಷ್ಟು ದಿನ ಸುಳ್ಳು ಹೇಳಿದೀರಿ. ಇನ್ನೊಂದು ಆರು ತಾಸು ಹೇಳಿ."

"ನಾನು ಹೇಳಿದ್ದು ಸುಳ್ಳಲ್ಲ, ತಪ್ಪು ತಿಳಿವಳಿಕೆ..."

"ಇನ್ನು ಮುಂದೆ ಸುಳ್ಳು," ಎಂದ ಕೋಚ್.

ಹೀಗೆ ವೆಂಡೆಲ್ ಕ್ರಾಟ್ಸ್ ಕೋಚ್‌ನ ಅಪ್ಪಣೆಯ ಮೇರೆಗೆ ಸುಳ್ಳುಗಾರನಾದ.

ಸಂಜೆ ಐದೂವರೆಗೆ ಕಾಲೇಜಿನ ಒಳಾಂಗಣ ಕ್ರೀಡಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂಗಳದ ನಡುವೆ ದೊಡ್ಡ ಪರದೆ; ಅದರ ಮುಂದೆ ಹದಿಮೂರು ಕುರ್ಚಿಗಳಲ್ಲಿ ಕಿತ್ತಳೆ ಅಂಗಿಯ ಹುಡುಗರು. ಹದಿನಾಲ್ಕನೆಯ ಕುರ್ಚಿಯಲ್ಲಿ ಕೂರಬೇಕೆಂದು ಮೇಯರ್ ವೆಂಡೆಲ್‌ನನ್ನು ಕೈಹಿಡಿದು ಕರೆತಂದ. ಹಿಂದಿನ ಸಾಲಿನಲ್ಲಿ ವರ್ನಾ, ಅವಳ ಪಕ್ಕ ಡೆಲ್ಬರ್ಟ್. ಕಾಗದವಿಲ್ಲದ ಡೆಲ್ಬರ್ಟನನ್ನು ವೆಂಡೆಲ್ ನೋಡಿದ್ದು ಅದೇ ಮೊದಲು.

ಆರು ಗಂಟೆ. ಅರವತ್ತೆಂಟು ಹೆಸರು, ನಾಲ್ಕು ವಿಭಾಗ. ಮೊದಲ ವಿಭಾಗ ಓದಿದರು. ಮಾರ್ಬರಿ ಇಲ್ಲ. ಯಾರೂ ಗಾಬರಿಯಾಗಲಿಲ್ಲ. ಡೇಟನ್‌ಗೆ ಹೋಗುವ ಒಂದು ಜೋಡಿ ಅದರಲ್ಲಿತ್ತು; ಸಮಿತಿ ಆರಿಸಿದವರಿಗೆ ಅಲ್ಲಿರುವುದು ಎರಡೇ ಜೋಡಿ, ನಮ್ಮದು ಇನ್ನೊಂದು ಎಂದು ಜನ ಅಕ್ಕಪಕ್ಕದವರಿಗೆ ವಿವರಿಸಿದರು. ಎರಡನೆಯ ವಿಭಾಗ. ಇಲ್ಲ. ಮೇಯರ್ ವೆಂಡೆಲ್‌ನತ್ತ ಕಣ್ಣು ಹೊಡೆದ. ಜಾಹೀರಾತು ಬಂತು. ಹಲ್ಲುಜ್ಜುವ ಪೇಸ್ಟನ್ನು ಎರಡು ಸಾವಿರ ಜನ ಇಷ್ಟೊಂದು ಭಕ್ತಿಯಿಂದ ನೋಡಿದ್ದು ಬೇರೆಲ್ಲೂ ಇರಲಾರದು.

ಮೂರನೆಯ ವಿಭಾಗದ ನಡುವೆ ಪರದೆಯ ಮೇಲೆ ಡೇಟನ್ ಎಂಬ ಹೆಸರು ಮೂಡಿತು. ಮೇವಿಸ್ ಎದ್ದು ನಿಂತಳು. ವಾದ್ಯದ ಮೇಷ್ಟ್ರು ಕೋಲೆತ್ತಿದರು. ಅದರ ಕೆಳಗೆ ಎರಡು ಕಾಲೇಜಿನ ಹೆಸರು ಬಂತು. ಎರಡೂ ಬೇರೆಯವರದು.

ಎತ್ತಿದ ಕೋಲು ಹಾಗೇ ಉಳಿಯಿತು. ಡೇಟನ್‌ನಲ್ಲಿ ಇನ್ನು ಜಾಗವಿರಲಿಲ್ಲ. ಮೊದಲು ಹದಿಮೂರು ತಲೆ, ಆಮೇಲೆ ಒಂದೊಂದೇ ಸಾಲು, ಕೊನೆಗೆ ಇಡೀ ಒಳಾಂಗಣ ವೆಂಡೆಲ್‌ನ ಕಡೆ ತಿರುಗಿತು. ಯಾರೂ ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಉಸಿರಾಡಲು ಸುಲಭವಾಗುತ್ತಿತ್ತು. ಡೆಲ್ಬರ್ಟ್ ಈಗ ಕುಟುಕುತ್ತಾನೆ, ಕುಟುಕಲಿ ಎಂದುಕೊಂಡು ಅವನು ಹಿಂದಕ್ಕೆ ತಿರುಗಿದ. ಡೆಲ್ಬರ್ಟನ ಮುಖ ಸುಣ್ಣವಾಗಿತ್ತು.

"ನಿನ್ನ ನಂಬಿಬಿಟ್ಟಿದ್ದೆ ಕಣೋ," ಎಂದ ಡೆಲ್ಬರ್ಟ್. "ಇಪ್ಪತ್ತು ವರ್ಷದ ಲೆಕ್ಕ ನಿನ್ನೆ ಒಲೆಗೆ ಹಾಕಿದೆ. ಎಲ್ಲಾ ಬಿಟ್ಟು ನಿನ್ನ ನಂಬಿದ್ದೆ."

ವರ್ನಾ ಅಣ್ಣನ ಬೆನ್ನ ಮೇಲೆ ಕೈಯಿಟ್ಟಳು. ವೆಂಡೆಲ್ ಎದ್ದು ನಿಂತ. ಈಗ ಹೇಳಿಬಿಡಬೇಕು. ಕೋಚ್‌ನ ಕಡೆ ನೋಡಿದ. ಕೋಚ್ ಪರದೆಯಿಂದ ಕಣ್ಣು ಕೀಳದೆ, ಒಂದು ಬೆರಳು ಮಾತ್ರ ಎತ್ತಿ, ಕೂರು ಎಂದು ಸನ್ನೆ ಮಾಡಿದ.

ಕೊನೆಯ ವಿಭಾಗ. ಮೊದಲ ಶ್ರೇಯಾಂಕ, ಹದಿನಾರನೆಯದು. ಎಂಟು, ಒಂಬತ್ತು. ಐದು, ಹನ್ನೆರಡು. ಪ್ರತಿ ಹೆಸರಿಗೂ ಒಳಾಂಗಣ ಒಂದು ಬೆರಳಿನಷ್ಟು ಕುಗ್ಗಿತು. ಯಾವುದೋ ಮಗು ಅತ್ತಿತು; ಯಾರೂ ಸುಮ್ಮನಿರಿಸಲಿಲ್ಲ, ಅದು ಎಲ್ಲರ ಪರವಾಗಿ ಅಳುತ್ತಿದೆ ಎಂಬಂತೆ. ನಾಲ್ಕು, ಹದಿಮೂರು. ಆರನೆಯ ಶ್ರೇಯಾಂಕದ ದೊಡ್ಡ ಕಾಲೇಜೊಂದರ ಹೆಸರು ಬಂತು, ಶುಕ್ರವಾರ, ಸ್ಪೋಕೇನ್ ಪಟ್ಟಣದಲ್ಲಿ. ಅದರ ಎದುರಾಳಿ ಹನ್ನೊಂದನೆಯ ಶ್ರೇಯಾಂಕ. ಓದುವವನು ನೀರು ಕುಡಿದ.

ಪರದೆಯ ಮೇಲೆ ಕಿತ್ತಳೆ ಬಣ್ಣದ ನೀರುನಾಯಿಯೊಂದು ಹಲ್ಲು ಕಿರಿಯಿತು.

ಆಮೇಲೆ ಏನಾಯಿತೆಂದು ಕ್ರಮವಾಗಿ ಹೇಳಬಲ್ಲವರು ಮಾರ್ಬರಿಯಲ್ಲಿ ಯಾರೂ ಇಲ್ಲ. ಕೊನೆಯ ಚೆಂಡು ಎಸೆದ ಹುಡುಗ ನೆಲದ ಮೇಲೆ ಮುಖ ಮುಚ್ಚಿಕೊಂಡು ಮಲಗಿದ್ದ, ಅವನ ಮೇಲೆ ಉಳಿದ ಹನ್ನೆರಡು ಜನ. ಪಾದ್ರಿಗಳು ಮೇವಿಸಳನ್ನು ಎತ್ತಿ ಸುತ್ತು ಹಾಕಿಸಿದರು. ಕೋಚ್ ಒಬ್ಬನೇ ಗೋಡೆಗೆ ಮುಖ ಮಾಡಿ ನಿಂತಿದ್ದ, ಭುಜ ಅಲುಗುತ್ತಿತ್ತು.

ಹತ್ತು ನಿಮಿಷದ ಮೇಲೆ ವೆಂಡೆಲ್ ಮೇಯರನ ಕೈಯಿಂದ ಮೈಕು ಕಿತ್ತುಕೊಂಡ.

"ಕೇಳಿ. ನನಗೇನೂ ಗೊತ್ತಿರಲಿಲ್ಲ. ಸಮಿತೀಲಿ ನನಗೆ ಯಾರೂ ಇಲ್ಲ. ಅವನು ನೀರಿನ ಟ್ಯಾಂಕಿಗೆ ಪೇಂಟ್ ಹೊಡೆಯೋನು. ಡೇಟನ್ ಅಂದದ್ದು ಟ್ಯಾಂಕಿನ ವಿಷಯ. ನಾನು ತಪ್ಪು ಕೇಳಿಸ್ಕೊಂಡೆ. ನನ್ನ ಕ್ಷಮಿಸಿ."

ಆಮೇಲೆ ಎರಡು ಸಾವಿರ ಜನ ಹೊಟ್ಟೆ ಹಿಡಿದು ನಕ್ಕು, ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಎಂಥಾ ಮನುಷ್ಯ ನೋಡಿ," ಎಂದಳು ಮೇವಿಸ್, ಕಣ್ಣೊರೆಸಿಕೊಳ್ಳುತ್ತ. "ಈಗಲೂ ಹೇಳಿದವನ ಹೆಸರು ಬಿಡ್ತಾ ಇಲ್ಲ."

"ಡೇಟನ್ ಅಂದದ್ದೇ ಅದಕ್ಕೆ," ಎಂದು ಡೆಲ್ಬರ್ಟ್ ಸುತ್ತಲಿನವರಿಗೆ ವಿವರಿಸಿದ. "ಸ್ಪೋಕೇನ್ ಅಂತ ನೇರವಾಗಿ ಹೇಳಿದ್ರೆ ಆ ಮನುಷ್ಯನ ಕೆಲಸ ಹೋಗ್ತಿತ್ತಲ್ಲ. ಊರು ಬದಲಾಯಿಸಿ ಹೇಳಿದಾನೆ. ನನ್ನ ತಂಗಿ ಗಂಡನ ತಲೆ ನಿಮಗೆ ಗೊತ್ತಿಲ್ಲ."

ಮೇಯರ್ ಕಿವಿಯ ಹತ್ತಿರ ಬಾಗಿದ. ಅವನಿಗೂ ನೀರು ಸಮಿತಿಗೂ ಮೂರು ವರ್ಷದಿಂದ ಮಾತಿರಲಿಲ್ಲ. "ನೀರಿನ ಟ್ಯಾಂಕ್. ಅರ್ಥ ಆಯ್ತು. ಯಾರಾದ್ರೂ ಕೇಳಿದ್ರೆ ನಾನೂ ಅದನ್ನೇ ಹೇಳ್ತೀನಿ."

ವೆಂಡೆಲ್ ದಿಕ್ಕುತೋಚದೆ ಹೆಂಡತಿಯನ್ನು ನೋಡಿದ. ವರ್ನಾ ಕೋಟು ಹಾಕಿಕೊಳ್ಳುತ್ತ, "ನಿಜ ಹೇಳೋಕೆ ಅಭ್ಯಾಸ ಬೇಕು ವೆಂಡೆಲ್. ಒಂದೇ ದಿನಕ್ಕೆ ಬರಲ್ಲ," ಎಂದಳು.

ಸೋಮವಾರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಡೆಲ್ಬರ್ಟ್ ಬಾಗಿಲಲ್ಲಿದ್ದ. ಹಿಂದೆ ಏಳೆಂಟು ಜನ ಬ್ರಶ್ಶಿನ ಕೂದಲು ಎಣಿಸುವವರಂತೆ ನಿಂತುಕೊಂಡರು.

"ಶುಕ್ರವಾರದ ಮ್ಯಾಚು," ಎಂದ ಡೆಲ್ಬರ್ಟ್, ಕೌಂಟರಿನ ಮೇಲೆ ಬಾಗಿ. "ಗೆಲ್ತೀವಾ?"

ವೆಂಡೆಲ್‌ನ ಬಾಯಿ ತಾನಾಗಿಯೇ ತೆರೆಯಿತು. ನಾಲಿಗೆಯ ತುದಿಗೆ ಒಂದು ಉತ್ತರ ಬಂದು ನಿಂತಿತ್ತು, ಎಷ್ಟು ಅಂಕದಿಂದ ಎಂಬುದರ ಸಮೇತ. ಅವನು ಬಾಯಿ ಮುಚ್ಚಿದ. ಕೈಯಲ್ಲಿದ್ದ ಡಬ್ಬವನ್ನು ಕೆಳಗಿಟ್ಟ.

"ಗೊತ್ತಿಲ್ಲ," ಎಂದ.

"ಗೊತ್ತಿಲ್ಲ ಅಂದ್ರೆ?"

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಡೆಲ್ಬರ್ಟ್. ನಿಜವಾಗಿ."

ಡೆಲ್ಬರ್ಟ್ ಅವನ ಮುಖವನ್ನು ಬಹಳ ಹೊತ್ತು ನೋಡಿ, ತಲೆಯ ಮೇಲಿನ ಟೋಪಿಯನ್ನು ನಿಧಾನವಾಗಿ ತೆಗೆದ.

"ಅಷ್ಟು ಕೆಟ್ಟದಾಗಿದೆಯಾ," ಎಂದ.

ಬ್ರಶ್ಶುಗಳು ಒಂದೊಂದಾಗಿ ಸ್ಟ್ಯಾಂಡಿಗೆ ಮರಳಿದವು. ಜನ ಸದ್ದಿಲ್ಲದೆ ಹೊರಗೆ ಹೋದರು. ಒಂಬತ್ತೂವರೆಗೆ ಮೇವಿಸ್ ತಲೆಯ ಕಿತ್ತಳೆ ಪಟ್ಟಿ ಬಿಚ್ಚಿದಳೆಂದು ಸುದ್ದಿ ಬಂತು. ಹತ್ತಕ್ಕೆ ಮೇಯರ್ ಅಂಗಡಿಯ ಮುಂದೆ ಹಾದುಹೋದ. ಒಳಗೆ ಬರಲಿಲ್ಲ, ಸಾವಿನ ಮನೆಯ ಮುಂದೆ ಹೋಗುವವನಂತೆ ತಲೆ ಬಾಗಿಸಿದ. ಹತ್ತೂವರೆಗೆ ವಾದ್ಯದ ಮೇಷ್ಟ್ರು ಸ್ಪೋಕೇನ್‌ಗೆ ಎಷ್ಟು ಜನ ಬರುವುದಿಲ್ಲ ಎಂದು ಪಟ್ಟಿ ಮಾಡತೊಡಗಿದ್ದರು. ಹನ್ನೊಂದಕ್ಕೆ ಅಂಗಡಿಯ ಫೋನ್ ಬಡಿದುಕೊಂಡಿತು.

"ಕ್ರಾಟ್ಸ್ ಅವರೇ, ಟಾಲಿವರ್ ಮಾತಾಡೋದು. ಪ್ರಾಕ್ಟೀಸಿಗೆ ಬಂದ ಹುಡುಗರು ಚೆಂಡೇ ಮುಟ್ತಾ ಇಲ್ಲ. ಗೋಡೆಗೆ ಒರಗಿಕೊಂಡು ಕೂತಿದಾರೆ. ಏನು ಹೇಳಿದ್ರಿ ಊರಿಗೆ?"

"ದೇವರಾಣೆ ಏನೂ ಹೇಳಿಲ್ಲ ಕೋಚ್. ಗೆಲ್ತೀವಾ ಅಂತ ಕೇಳಿದ್ರು. ಗೊತ್ತಿಲ್ಲ ಅಂದೆ, ಅಷ್ಟೆ."

ಆ ಕಡೆ ಹಣೆಯೊಂದು ಗೋಡೆಗೆ ಬಡಿದ ಸದ್ದು ಕೇಳಿಸಿತು.

"ಶುಕ್ರವಾರದ ತನಕ," ಎಂದ ಕೋಚ್, "ಅದನ್ನೂ ಹೇಳ್ಬೇಡಿ."